ಇಳಿಸಿದ ಹೆದೆ

ಭಾನುವಾರದ ಪತ್ರಿಕೆಯಲ್ಲಿ ಮೈದುನನ ಫೋಟೋ ಬಂದಿತ್ತು. ಕೈಯಲ್ಲಿ ಬಿಲ್ಲು, ಹೆದೆಯನ್ನು ಕೆನ್ನೆಯ ತನಕ ಎಳೆದ ಭಂಗಿ, ಕೆಳಗೆ ದಪ್ಪ ಅಕ್ಷರದಲ್ಲಿ 'ಮರದಲ್ಲಿ ಬಿಲ್ಲು ಅರಳಿಸುವ ಕೈ' ಎಂಬ ಸಾಲು. ನಾನು ಚಹಾ ತರುವಷ್ಟರಲ್ಲಿ ಮಾವ ಅದನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದರು. ಮಗನ ಮುಖವನ್ನಾಗಲಿ, ಬರೆದದ್ದನ್ನಾಗಲಿ ಅವರು ನೋಡುತ್ತಿರಲಿಲ್ಲ. ಬಿಲ್ಲನ್ನು ನೋಡುತ್ತಿದ್ದರು.

"ನಿನ್ನ ಭೂತಗನ್ನಡಿ ಕೊಡೇ," ಅಂದರು ಮೊಮ್ಮಗಳಿಗೆ. ನನ್ನ ಮಗಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಮಾಡುತ್ತಾಳೆ. ಅವಳ ಚೀಲದಲ್ಲಿ ಅಂಥವು ಒಂದೆರಡು ಯಾವಾಗಲೂ ಇರುತ್ತವೆ.

ಮಾವ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದರು.

"ಬಿಲ್ಲಿನ ಕೆಳಗಿನ ತೋಳು ಜಾಸ್ತಿ ಬಾಗಿದೆ."

"ಎಳೆಯೋ ಗತ್ತೇ ಹಾಗಿರಬಹುದು ತಾತ. ಪೋಸು ಕೊಡೋ ಚಿಕ್ಕಪ್ಪ ಅಲ್ವಾ?"

"ಗತ್ತಲ್ಲ. ನಾನು ಕೊಟ್ಟಾಗ ಎರಡು ತೋಳೂ ಒಂದೇ ಸಮ ಬಾಗ್ತಿತ್ತು, ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಇವನು ಇಲ್ಲಿ ಉಜ್ಜಿದಾನೆ." ಅವರ ಬೆರಳು ಬಿಲ್ಲಿನ ಹಿಡಿಯ ಕೆಳಗೆ ನಿಂತಿತು. "ನನ್ನ ಗುರುತಿದ್ದ ಜಾಗ."

ಗುರುತು ಅಂದರೆ ಕಾದ ಮೊಳೆಯಲ್ಲಿ ಸುಟ್ಟ ಮೂರು ಚುಕ್ಕಿ. ಮಾವ ಮೂವತ್ತೊಂದು ವರ್ಷ ಕುರ್ಚಿ ಕಾರ್ಖಾನೆಯಲ್ಲಿ ಬಡಗಿಯಾಗಿದ್ದರು. ಅಲ್ಲಿ ಪ್ರತಿಯೊಬ್ಬನೂ ತಾನು ಮಾಡಿದ ಕುರ್ಚಿಯ ಅಡಿಗೆ ತನ್ನ ಗುರುತು ಹಾಕಬೇಕಿತ್ತು, ಕಾಲು ಸಡಿಲವಾದರೆ ಯಾರನ್ನು ಬೈಯಬೇಕೆಂದು ಗೊತ್ತಾಗಲಿ ಅಂತ. ಮೂರನೇ ಮೇಜಿನ ಕೆಲಸಗಾರನಿಗೆ ಮೂರು ಚುಕ್ಕಿ. ಊರಿನ ಕ್ರೀಡಾಸಂಘದ ಸಭಾಂಗಣದಲ್ಲಿರುವ ಅರವತ್ತು ಕುರ್ಚಿಯೂ ಅವರದೇ. "ಆ ಸಂಘದಲ್ಲಿ ಕೂರೋರೆಲ್ಲ ಅಪ್ಪನ ಮೇಲೇ ಕೂರೋದು," ಎಂದು ನಮ್ಮವರು ನಗುತ್ತಿದ್ದರು.

ನಿವೃತ್ತಿಯ ಮೇಲೆ ಮಾವನಿಗೆ ಬಿಲ್ಲಿನ ಹುಚ್ಚು ಹಿಡಿಯಿತು. ಎಲ್ಲೋ ಒಂದು ಹಳೇ ಬಿಲ್ಲು ನೋಡಿ ಬಂದವರು, ತುದಿಗಳು ಮುಂದಕ್ಕೆ ತಿರುಗಿದ ಅಂಥದ್ದನ್ನೇ ಮಾಡಬೇಕೆಂದು ಹೊರಟರು. ಹನ್ನೆರಡು ವರ್ಷದಲ್ಲಿ ಒಂಬತ್ತು ಬಿಲ್ಲು. ಮಾರಿದ್ದಿಲ್ಲ, ಮಾರುವ ಯೋಚನೆಯೂ ಇಲ್ಲ. ಕೆಲಸವೆಲ್ಲ ನಡೆಯುವುದು ಅಡುಗೆಮನೆಯ ಹಿಂದಿನ ಒಗೆಯುವ ಜಾಗದಲ್ಲಿ. ಬಕೆಟ್ಟು ಹೊರಗಿಟ್ಟರೆ ಅವರು ಒಳಗೆ, ಅವರು ಹೊರಗೆ ಬಂದರೆ ಬಕೆಟ್ಟು ಒಳಗೆ. ಅನ್ನದಲ್ಲಿ ಎಷ್ಟೋ ಸಲ ಮರದ ಹೊಟ್ಟು ಸಿಕ್ಕಿದೆ.

"ನಮ್ಮನೇಲಿ ಎರಡು ಥರ ಬಿಲ್ಲು," ಅನ್ನುತ್ತಾರೆ ನಮ್ಮವರು. "ಒಂದನ್ನ ಅಪ್ಪ ಕಟ್ತಾನೆ, ಕರೆಂಟಿಂದನ್ನ ನಾನು ಕಟ್ತೀನಿ."

ಹೆದೆ ಮಾತ್ರ ನನ್ನ ಕೆಲಸ. ನಾನು ಹೊಲಿಗೆಯವಳು, ನನಗೆ ನೂಲಿನ ಮೈ ಗೊತ್ತು. ಹದಿನಾರು ಎಳೆ ನೂಲಿಗೆ ಮೇಣ ಸವರಿ, ಹೊಸೆದು, ಎರಡು ತುದಿಗೂ ಕುಣಿಕೆ ಹಾಕಿಕೊಡುತ್ತೇನೆ.

ಮೈದುನ ಆಟದ ಸಾಮಾನಿನ ಅಂಗಡಿ ಇಟ್ಟಿದ್ದಾನೆ. "ಗೋಡೆಗೆ ಚೆನ್ನಾಗಿರುತ್ತೆ ಅಪ್ಪಾ," ಎಂದು ಒಂದೊಂದಾಗಿ ನಾಲ್ಕು ಬಿಲ್ಲು ಕೊಂಡೊಯ್ದಿದ್ದ. ಅಪ್ಪ ಹೆದೆ ಏರಿಸಿ ಕೊಡುವುದು, ಮಗ ಹಾಗೇ ಮೊಳೆಗೆ ನೇತುಹಾಕುವುದು.

ಬುಧವಾರ ಮಧ್ಯಾಹ್ನದ ಊಟಕ್ಕೆ ಅವನೇ ಬಂದ, ಹೆಂಡತಿಯ ಜೊತೆ. ಪತ್ರಿಕೆ ಮೇಜಿನ ಮೇಲೇ ಇತ್ತು.

"ನೋಡಿದ್ರಾ ಅತ್ತಿಗೆ? ಕಲರ್‌ನಲ್ಲಿ ಹಾಕಿದಾರೆ!"

"ನೋಡಿದೆ. ಕೈ ತೊಳ್ಕೊಂಡು ಬನ್ನಿ."

ಮಾವ ಅನ್ನ ಕಲಸುತ್ತ ಕೇಳಿದರು, "ಗುರುತು ಯಾಕೋ ಉಜ್ಜಿದೆ?"

ಅವನು ಒಂದು ತುತ್ತು ನುಂಗಿದ. "ಅಯ್ಯೋ ಅದಾ? ಹುಳ ಕೊರೆದ ಹಾಗೆ ಕಾಣ್ತಿತ್ತು. ಫೋಟೋಗೆ ಚೆನ್ನಾಗಿರಲಿ ಅಂತ ಸ್ವಲ್ಪ ಮರಳುಕಾಗದ ಹಾಕ್ದೆ."

"ಮಾಡಿದ್ದು ನೀನು ಅಂತ ಯಾಕೆ ಹೇಳ್ದೆ?"

"ನಾನೆಲ್ಲಿ ಹೇಳ್ದೆ? ಅವರು ಬರ್ಕೊಂಡ್ರು, ನಾನು ಬೇಡ ಅನ್ನಲಿಲ್ಲ. ಅಪ್ಪಾ, ಮನೆಯ ಹೆಸರೇ ತಾನೇ? ನಿನ್ನದಾದ್ರೇನು, ನನ್ನದಾದ್ರೇನು?"

"ನಿನ್ನದಾದ್ರೇನು ನನ್ನದಾದ್ರೇನು ಅನ್ನೋರು ಯಾವಾಗ್ಲೂ ತಮ್ಮದನ್ನೇ ಹಾಕಿಸ್ಕೊಂಡಿರ್ತಾರೆ ಚಿಕ್ಕಪ್ಪ," ಅಂದಳು ಮಗಳು.

"ನೀನು ಸುಮ್ನಿರೇ," ಅಂದರು ನಮ್ಮವರು. ಅವರು ಲಿಫ್ಟ್ ರಿಪೇರಿ ಮಾಡುವವರು. ಮೇಲೂ ಬೇಡ, ಕೆಳಗೂ ಬೇಡ, ನಡುವೆ ನಿಂತರೆ ಸಾಕು ಎನ್ನುವ ಸ್ವಭಾವ.

"ಅವಳು ಕೇಳಿದ್ದರಲ್ಲಿ ತಪ್ಪೇನಿದೆ?" ಎಂದೆ ನಾನು.

ಮೈದುನ ನಕ್ಕ. "ಅತ್ತಿಗೇನೂ ಸೇರ್ಕೊಂಡ್ರಾ? ನೀವು ಒಂದು ದಾರ ಹೊಸೀತೀರಿ, ನಿಮ್ಮ ಹೆಸರೂ ಹಾಕಿಸಬೇಕಿತ್ತೇನೋ!"

ನಾನು ಅವನ ತಟ್ಟೆಗೆ ಅನ್ನ ಬಡಿಸಿದೆ. ನಮ್ಮ ಮನೆಯಲ್ಲಿ ಅದಕ್ಕೆ ದಾರ ಅನ್ನುವವರು ಯಾರೂ ಇಲ್ಲ. ದಾರ ಗುಂಡಿ ಹೊಲಿಯುವುದಕ್ಕೆ. ಹನ್ನೆರಡು ವರ್ಷ ಬಿಲ್ಲಿನ ಮನೆಗೆ ಬಂದುಹೋಗುವವನಿಗೆ ಹೆದೆ ಎಂಬ ಮಾತು ಬಾಯಿಗೆ ಬಂದಿರಲಿಲ್ಲ.

ಊಟ ಮುಗಿಯುವಾಗ ಅವನು ಬಂದ ಕೆಲಸ ಗೊತ್ತಾಯಿತು. ಕ್ರೀಡಾಸಂಘದವರು ಹಿಂದಿನ ಖಾಲಿ ಕೋಣೆಯನ್ನು ಬಿಲ್ಲು ಮಾಡುವುದನ್ನು ಕಲಿಸುವವರಿಗೆ ಕೊಡುತ್ತಾರಂತೆ. ಅಗಲವಾದ ಕಿಟಕಿ, ಉದ್ದನೆಯ ಮೇಜು. ಆ ಕೋಣೆಗಾಗಿ ಮಾವ ಎರಡು ವರ್ಷದ ಹಿಂದೆಯೇ ಅರ್ಜಿ ಬರೆದು, ಸಂಘಕ್ಕೆ ತಲುಪಿಸು ಎಂದು ಇವನ ಕೈಗೇ ಕೊಟ್ಟಿದ್ದರು.

"ನಿನ್ನ ಅರ್ಜಿ ಎಲ್ಲೋ ಕಳೆದುಹೋಯ್ತು ಅನ್ಸುತ್ತೆ ಅಪ್ಪಾ. ಈಗ ಪತ್ರಿಕೇಲಿ ಬಂತಲ್ಲ, ನನ್ನ ಹೆಸರಿಗೇ ಕಾಗದ ಕಳಿಸಿದಾರೆ. ವಾರ್ಷಿಕ ಸಭೆಯಲ್ಲಿ ಹೊಸ ಬಿಲ್ಲು ತೋರಿಸಿ ಒಂದು ಬಾಣ ಬಿಟ್ಟರೆ ಆಯ್ತು, ಕೀಲಿ ಕೊಡ್ತಾರೆ. ಇನ್ನೂ ಎಂಟು ವಾರ ಇದೆ. ಒಂದು ಮಾಡಿಕೊಡು."

ಮಗಳ ಕೈಯಲ್ಲಿದ್ದ ಲೋಟ ಮೇಜಿಗೆ ಬಡಿಯಿತು. "ತಾತನ ಕೋಣೇನ ನೀವು ತಗೊಳ್ಳೋಕೆ ತಾತನೇ ಬಿಲ್ಲು ಮಾಡ್ಕೊಡಬೇಕಾ?"

"ಕೋಣೆ ನನ್ನ ಹೆಸರಲ್ಲಿದ್ರೂ ಅಪ್ಪ ಬಂದು ಕೂರಬಹುದಮ್ಮ. ನಾನೇನು ಬೇಡ ಅಂತೀನಾ?"

ಮಾವ ತಟ್ಟೆಯಲ್ಲೇ ಕೈ ತೊಳೆದರು. "ಆಗಲಿ," ಅಂದರು. "ಮಾಡಿಕೊಡ್ತೀನಿ."

ಅವರು ಹೋದ ಮೇಲೆ ಮಗಳು ತಾತನ ಮೇಲೆ ಹರಿಹಾಯ್ದಳು. "ನಿಮಗೆ ರೋಷಾನೇ ಇಲ್ವಾ ತಾತ? ಕೆನ್ನೆಗೆ ಹೊಡೆದವರಿಗೆ ಕೈ ನೋವಾಯ್ತಾ ಅಂತ ಕೇಳ್ತೀರಲ್ಲ!"

"ಮರ ತರೋಕೆ ನಾಳೆ ನನ್ನ ಜೊತೆ ಬಾ," ಎಂದಷ್ಟೇ ಅಂದರು.

ತಂದದ್ದು ಗಟ್ಟಿ ಮರದ ಒಂದು ಉದ್ದ ಪಟ್ಟಿ, ಅದರ ಬೆನ್ನಿಗೆ ಅಂಟಿಸಲು ಒಣಗಿದ ಬಿದಿರಿನ ಪಟ್ಟಿ. ಬಿಲ್ಲಿಗೆ ಬೆನ್ನೂ ಇದೆ, ಹೊಟ್ಟೆಯೂ ಇದೆ. ಎಳೆಯುವವನ ಕಡೆಗಿರುವುದು ಹೊಟ್ಟೆ, ಗುರಿಯ ಕಡೆಗಿರುವುದು ಬೆನ್ನು. ಮೊದಲ ವಾರ ಅಳತೆ, ಕೀಸುಳಿಯಿಂದ ಮರ ಹೆರೆಯುವುದು. ಎರಡನೇ ವಾರ ಹಬೆ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಮರದ ತುದಿಯನ್ನು ಬಟ್ಟೆ ಸುತ್ತಿ ಅದರ ಬಾಯಲ್ಲಿಟ್ಟು ಮುಕ್ಕಾಲು ಗಂಟೆ ಬೇಯಿಸಬೇಕು, ಆಮೇಲೆ ಅಚ್ಚಿಗೆ ಒತ್ತಿ ಬಾಗಿಸಬೇಕು. ಎರಡು ಒಲೆಯಲ್ಲಿ ಒಂದು ಮರಕ್ಕೆ, ಒಂದು ನಮಗೆ.

"ಇವತ್ತೇನು ಅಡುಗೆ?" ಎಂದು ನಮ್ಮವರು ಕೇಳಿದರೆ ನಾನು, "ಒಂದರಲ್ಲಿ ಆಲೂಗಡ್ಡೆ, ಒಂದರಲ್ಲಿ ಬಿಲ್ಲು. ಯಾವುದು ಬೇಗ ಬೇಯುತ್ತೋ ಅದನ್ನ ಬಡಿಸ್ತೀನಿ," ಅನ್ನುತ್ತಿದ್ದೆ.

ಮೂರನೇ ವಾರ ಬಿದಿರು ಅಂಟಿಸುವ ದಿನ. ಬೆಳಿಗ್ಗೆ ನಾನು ಹಾಲು ಕಾಯಿಸಲು ಹೋದರೆ ಮಾವ ಇಕ್ಕಳದಲ್ಲಿ ಮೊಳೆ ಹಿಡಿದು ಒಲೆಯ ಉರಿಗೆ ಒಡ್ಡಿದ್ದರು. ಮೊಳೆ ಕೆಂಪಾಗುತ್ತಲೇ ಮರದ ಬೆನ್ನಿನ ಮೇಲೆ ಒತ್ತಿದರು. ಮೂರು ಚುಕ್ಕಿ. ಒಂದು ಗೇಣು ಬಿಟ್ಟು ಮತ್ತೆ ಮೂರು. ಹೀಗೆ ಉದ್ದಕ್ಕೂ ಏಳು ಕಡೆ.

"ಇದರ ಮೇಲೇ ಬಿದಿರು ಬರುತ್ತಲ್ಲ ಮಾವ? ಮುಚ್ಚಿಹೋಗುತ್ತೆ."

"ಮುಚ್ಚಲಿ ಅಂತಲೇ. ಈಗ ಉಜ್ಜಲಿ ನೋಡೋಣ."

"ಒಳಗಿದ್ರೆ ಯಾರು ನೋಡ್ತಾರೆ?"

"ನಾನು ನೋಡಿದೀನಿ. ನೀನು ನೋಡ್ತಿದೀಯ. ಅವನು ಆ ಕೋಣೇಲಿ ಕೂತು ಜನಕ್ಕೆ ತೋರಿಸ್ತಾನಲ್ಲ, ತೋರಿಸಿದಾಗೆಲ್ಲ ನನ್ನ ಹೆಸರನ್ನೇ ಕೈಲಿ ಹಿಡ್ಕೊಂಡಿರ್ತಾನೆ. ಅವನಿಗೆ ಗೊತ್ತಿರಲ್ಲ. ನನಗೆ ಅಷ್ಟು ಸಾಕು."

"ಕಾಣಬೇಕು ಅಂದ್ರೆ ಬಿಲ್ಲು ಮುರೀಬೇಕು."

ಮಾವ ಮೊಳೆಯನ್ನು ನೀರಿಗೆ ಹಾಕಿದರು. ಚುಯ್ ಅಂದಿತು. "ನನ್ನ ಬಿಲ್ಲು ಮುರಿಯಲ್ಲ," ಅಂದರು.

ಅಂಟು ನಾನೇ ಕಲಕಿದೆ. ಕ್ಲ್ಯಾಂಪುಗಳನ್ನು ಮಗಳು ಬಿಗಿದಳು. ಅವರಿಗೆ ಅಷ್ಟು ಸಾಕು ಅಂದದ್ದು ನನಗೆ ಸಾಕಾಗಲಿಲ್ಲ. ಎರಡು ವರ್ಷ ಆ ಅರ್ಜಿಗೆ ಉತ್ತರ ಬಂತಾ ಎಂದು ಅವರು ಅಂಚೆಯವನನ್ನು ಕೇಳಿದ್ದನ್ನು ಕಿಟಕಿಯಿಂದ ನೋಡಿದವಳು ನಾನು. ಪಾತ್ರೆ ತೊಳೆಯುವಾಗ, ಬಟ್ಟೆ ಹಿಂಡುವಾಗ, ಗಿರಾಕಿಗಳ ಅಂಚು ಹೊಲಿಯುವಾಗ ಅದೇ ಯೋಚನೆ. ಒಂದು ಮಾತು ಬಂದರೆ ಅಲ್ಲೇ ಮರೆಯುವವಳು ಎಂದು ನನಗೆ ಹೆಸರಿದೆ. ಮರೆತಿರಲಿಲ್ಲ.

ನಾಲ್ಕರಿಂದ ಏಳನೇ ವಾರದ ತನಕ ಸಮ ಮಾಡುವ ಕೆಲಸ. ಗೋಡೆಯ ಗೂಟದ ಮೇಲೆ ಬಿಲ್ಲನ್ನು ಅಡ್ಡ ಕೂರಿಸಿ, ಹೆದೆಗೆ ಹಗ್ಗ ಕಟ್ಟಿ, ನಮ್ಮವರು ಹಳೇ ಲಿಫ್ಟಿನಿಂದ ತಂದ ರಾಟೆಯ ಮೂಲಕ ನಾನು ಎಳೆಯಬೇಕು. ಮಾವ ದೂರ ನಿಂತು ಎರಡು ತೋಳೂ ಹೇಗೆ ಬಾಗುತ್ತವೆ ನೋಡುವರು. "ಬಲಗಡೆ ಬಿಗಿ ಇದೆ. ಬಿಡು." ಬಂದು ಅರದಿಂದ ನಾಲ್ಕು ಸಲ ಉಜ್ಜುವರು. "ಈಗ ಎಳಿ." ದಿನಕ್ಕೆ ನೂರು ಸಲ. ಮಾವ ಈ ವಾರಗಳಲ್ಲಿ ಕಡಿಮೆ ಉಂಡರು. ಯಾವತ್ತೂ ಅಷ್ಟೇ, ಎರಡನೇ ಸಲ ಬಡಿಸಿಕೊಂಡವರಲ್ಲ, ಈಗ ಮೊದಲನೆಯದನ್ನೂ ಬಿಡುತ್ತಿದ್ದರು.

ಬಿಲ್ಲು ಮುಗಿದಾಗ ಮಗಳು ಬೆರಳಿಂದ ಮುಟ್ಟಿ, "ಇದನ್ನ ಅವರಿಗೆ ಕೊಡ್ತೀರಾ?" ಎಂದು ಅತ್ತೇಬಿಟ್ಟಳು. ಒಂಬತ್ತರಲ್ಲೂ ಅಂಥದ್ದು ಇರಲಿಲ್ಲ. ಮಾವ ಹೆದೆ ಏರಿಸಿ ಗೋಡೆಗೆ ಒರಗಿಸಿದರು. "ಬೆಳಿಗ್ಗೆ ಬರ್ತಾನೆ. ಕೊಟ್ಟುಬಿಡು," ಎಂದು ನನಗೆ ಹೇಳಿ ಸ್ನಾನಕ್ಕೆ ಹೋದರು.

ಇಲ್ಲಿ ಒಂದು ವಿಷಯ ಹೇಳಬೇಕು. ಇಂಥ ಬಿಲ್ಲಿನ ಹೆದೆ ಇಳಿಸಿದರೆ ಅದು ಮುನಿಸಿಕೊಂಡ ಮಗುವಿನ ಹಾಗೆ ತಿರುಗಿಬಿಡುತ್ತದೆ. ಎಳೆದಾಗ ಯಾವ ಕಡೆ ಬಾಗಬೇಕೋ ಅದರ ಉಲ್ಟಾ ಕಡೆಗೆ ಬಾಗಿ ನಿಲ್ಲುತ್ತದೆ. ಬೆನ್ನೇ ಹೊಟ್ಟೆಯ ಹಾಗೆ ಕಾಣುತ್ತದೆ. ಗೊತ್ತಿಲ್ಲದವರು ಆ ಬಾಗಿದ ಕಡೆಗೇ ಹೆದೆ ಕಟ್ಟಲು ಹೋಗುತ್ತಾರೆ. ಮೊದಲ ವರ್ಷ ನಮ್ಮವರು ಇದೇ ತಪ್ಪು ಮಾಡಿ ಒಂದು ಬಿಲ್ಲು ಮುರಿದರು. ಗಲ್ಲದ ಮೇಲೆ ಇವತ್ತಿಗೂ ಗೆರೆ ಇದೆ. ಅಂದಿನಿಂದ ಮನೆಯಲ್ಲಿ ಎಲ್ಲರಿಗೂ ಗೊತ್ತು. ಸಿದ್ಧಮಾಡಿ ಕೊಟ್ಟದ್ದನ್ನು ನೇತುಹಾಕಿದವನಿಗೆ ಗೊತ್ತಿಲ್ಲ.

ಬೆಳಿಗ್ಗೆ ಚಹಾಕ್ಕೆ ನೀರಿಟ್ಟು ನಾನು ಹಿಂದಕ್ಕೆ ಹೋದೆ. ಬಿಲ್ಲಿನ ಒಂದು ತುದಿಯನ್ನು ಪಾದಕ್ಕೆ ಆನಿಸಿ, ತೊಡೆಗೆ ಒತ್ತಿ, ಕುಣಿಕೆ ಜಾರಿಸಿದೆ. ಬಿಲ್ಲು ನನ್ನ ಕೈಯಲ್ಲೇ ಮಗ್ಗುಲು ಬದಲಿಸಿತು. ಹೆದೆ ನನ್ನದು, ಹೊಸೆದವಳು ನಾನು, ಇಳಿಸಿದೆ. ಸುತ್ತಿ, ಚಿಕ್ಕ ಚೀಲದಲ್ಲಿಟ್ಟು, ಬಿಲ್ಲಿನ ಜೊತೆ ಬಟ್ಟೆಯಲ್ಲಿ ಕಟ್ಟಿದೆ. ತಪ್ಪು ಎಂದು ಯಾರೂ ಅನ್ನುವ ಹಾಗಿಲ್ಲ. ಬಿಲ್ಲನ್ನು ಹೆದೆ ಇಳಿಸಿಯೇ ಇಡಬೇಕು, ಅದೇ ಕ್ರಮ.

ಮೈದುನ ಬಾಗಿಲಲ್ಲೇ ನಿಂತು, "ಹೊತ್ತಾಯ್ತು ಅತ್ತಿಗೆ, ಚಹಾ ಬೇಡ," ಎಂದು ಕಟ್ಟನ್ನು ತೆಗೆದುಕೊಂಡು ಹೋದ. ಬಿಚ್ಚಿ ನೋಡಲಿಲ್ಲ.

ಸಭಾಂಗಣದಲ್ಲಿ ನಾವು ಎರಡನೇ ಸಾಲಿನಲ್ಲಿ ಕೂತೆವು. ಮೊದಲ ಸಾಲನ್ನು ಜನ ಬಾರದಂತೆ ಹಗ್ಗ ಕಟ್ಟಿ ಖಾಲಿ ಬಿಟ್ಟಿದ್ದರು, ಬಾಣ ಬಿಡುವುದಿತ್ತಲ್ಲ, ಅದಕ್ಕೆ. ವೇದಿಕೆಯ ಪಕ್ಕ ಹುಲ್ಲಿನ ಗುರಿ. ಸಂಘದ ಕಾರ್ಯದರ್ಶಿ ಕೋಣೆಯ ಕೀಲಿಯನ್ನು ತಟ್ಟೆಯಲ್ಲಿ ಇಟ್ಟುಕೊಂಡಿದ್ದರು. ಭಾಷಣ ನಡೆಯುತ್ತಿರುವಾಗ ವಾರಗಿತ್ತಿ ಬಗ್ಗಿಕೊಂಡು ನನ್ನ ಹತ್ತಿರ ಬಂದಳು.

"ಅಕ್ಕಾ, ಅದರ ದಾರ ಬಿಚ್ಚಿಬಿಟ್ಟಿದೆಯಲ್ಲ? ಹೇಗೆ ಹಾಕೋದು ಅಂತ ಇವರು ಒದ್ದಾಡ್ತಿದಾರೆ. ಮಾವನ್ನ ಕೇಳೋಕೆ ನಾಚಿಕೆಯಂತೆ."

ಅವಳು ಒಳ್ಳೆಯವಳು. ನನ್ನ ಹೆರಿಗೆಯಲ್ಲಿ ಹದಿನೈದು ದಿನ ಬಂದು ಬಟ್ಟೆ ಒಗೆದುಕೊಟ್ಟವಳು. ಒಂದೇ ಮಾತು, ಉಲ್ಟಾ ಹಿಡೀಲಿ ಅಂತ ಹೇಳು, ಅಷ್ಟೇ. ಬಾಯಿಗೆ ಬಂತು.

"ಅವರೇ ಮಾಡಿದ ಬಿಲ್ಲಲ್ವೇನೆ?" ಎಂದೆ. "ಅವರಿಗೆ ಗೊತ್ತಿರುತ್ತೆ."

ಅವಳು ನನ್ನ ಮುಖವನ್ನೇ ನೋಡಿ, ಎದ್ದು ಹೋದಳು.

ಮೈದುನ ವೇದಿಕೆಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಾಗಿ ನಿಂತ ಬಿಲ್ಲು. ನನ್ನ ಪಕ್ಕದಲ್ಲಿ ಮಾವ ಮುಂದಕ್ಕೆ ಬಾಗಿದರು. ಹೆದೆ ಇಳಿದಿರುವುದನ್ನು ಅವರು ನೋಡಿದರು. ಮಗ ಯಾವ ಕಡೆಗೆ ಹಿಡಿದಿದ್ದಾನೆ ಎಂಬುದನ್ನೂ ನೋಡಿದರು. ಕುರ್ಚಿಯ ಕೈಗಳನ್ನು ಹಿಡಿದು ಅರ್ಧ ಎದ್ದರು. ನಮ್ಮವರೂ, "ಅಪ್ಪಾ, ಉಲ್ಟಾ..." ಎಂದರು, ಮೆಲ್ಲಗೆ, ಗಲ್ಲ ಸವರಿಕೊಳ್ಳುತ್ತ.

ಮಾವ ಮತ್ತೆ ಕೂತರು.

"ಈ ದಾರ ಕಟ್ಟೋದೇ ಒಂದು ಕಲೆ," ಎಂದು ಮೈದುನ ಜನರಿಗೆ ಹೇಳುತ್ತಿದ್ದ. "ವರ್ಷಗಟ್ಟಲೆ ಅಭ್ಯಾಸ ಬೇಕು." ಕೆಳಗಿನ ಕುಣಿಕೆ ಸಿಕ್ಕಿಸಿ, ಬಿಲ್ಲನ್ನು ನೆಲಕ್ಕೆ ಊರಿ, ಬಾಗಿದ ಕಡೆಗೇ ಇನ್ನೂ ಬಾಗಿಸಿದ. ಹೆದೆ ಸಡಿಲವಾಗೇ ಇತ್ತು. ಮೈ ಭಾರವೆಲ್ಲ ಹಾಕಿ ಒತ್ತಿದ.

ಒಣಗಿದ ಕೊಂಬೆ ಮುರಿದಂತಲ್ಲ, ಬಾಗಿಲು ಬಡಿದಂಥ ಸದ್ದು. ಬಿದಿರಿನ ಪಟ್ಟಿ ಮರದಿಂದ ಎದ್ದು ಸೀಳಿ, ಮೇಲಿನ ತೋಳು ಹಾರಿ ಅವನ ಹುಬ್ಬಿಗೆ ಹೊಡೆಯಿತು. ವಾರಗಿತ್ತಿ ಕೂಗಿಕೊಂಡಳು. ಅವನು ಹಣೆ ಹಿಡಿದುಕೊಂಡು ಕೂತುಬಿಟ್ಟ. ಬೆರಳ ಸಂದಿಯಲ್ಲಿ ರಕ್ತ. ಯಾರೋ ಬಟ್ಟೆ ತಂದರು. ಕಣ್ಣಿಗೆ ಏನೂ ಆಗಿರಲಿಲ್ಲ.

ಕಾರ್ಯದರ್ಶಿ ಕಾಲ ಬಳಿ ಬಿದ್ದ ತುಂಡನ್ನು ಎತ್ತಿದರು. "ಒಳಗೆ ಏನೋ ಸುಟ್ಟಿದೆಯಲ್ಲ. ಹುಳ ಬಿದ್ದಿತ್ತಾ?"

ಮಗಳು ಎದ್ದು ನಿಂತಳು. ತಾನು ಕೂತಿದ್ದ ಕುರ್ಚಿಯನ್ನು ತಲೆಕೆಳಗೆ ಮಾಡಿ, ಹಿಡಿದೆತ್ತಿ ವೇದಿಕೆಗೆ ಒಯ್ದಳು. ಅಡಿಯಲ್ಲಿ ಮೂರು ಚುಕ್ಕಿ. ತುಂಡಿನಲ್ಲಿ ಮೂರು ಚುಕ್ಕಿ.

"ನಿಮ್ಮ ಕುರ್ಚೀನೂ ತಿರುಗಿಸಿ ನೋಡಿ ಸರ್," ಅಂದಳು. "ಅರವತ್ತರಲ್ಲೂ ಇದೆ. ಆ ಹುಳ ಅಗೋ, ಎರಡನೇ ಸಾಲಲ್ಲಿ ಕೂತಿದೆ."

ಜನ ಒಬ್ಬೊಬ್ಬರಾಗಿ ಎದ್ದು ಕುರ್ಚಿ ತಿರುಗಿಸತೊಡಗಿದರು. ಕುರ್ಚಿಗಳ ಸದ್ದಿನ ನಡುವೆ ಮೈದುನ ಬಟ್ಟೆಯಡಿಯಿಂದ, "ಅಪ್ಪಾ, ಒಂದು ಮಾತು ಹೇಳಬಾರದಿತ್ತಾ?" ಎಂದ.

ಮಾವ ವೇದಿಕೆ ಹತ್ತಿ, ತುಂಡುಗಳನ್ನು ಆಯ್ದು ಹೆಗಲ ಬಟ್ಟೆಯಲ್ಲಿ ಕಟ್ಟಿದರು. "ನನ್ನ ಅರ್ಜಿ ಸಿಕ್ಕಿದ್ರೆ ಕೊಡು," ಅಂದರು. ಕಾರ್ಯದರ್ಶಿ ತಟ್ಟೆಯಲ್ಲಿದ್ದ ಕೀಲಿಯನ್ನು ಜೇಬಿಗೆ ಹಾಕಿಕೊಂಡು, "ಸೋಮವಾರ ಬೆಳಿಗ್ಗೆ ಬನ್ನಿ ಯಜಮಾನ್ರೇ," ಎಂದದ್ದು ನಮಗೆಲ್ಲ ಕೇಳಿಸಿತು.

ಮೈದುನನಿಗೆ ಮೂರು ಹೊಲಿಗೆ ಬಿತ್ತು. ಆಸ್ಪತ್ರೆಯ ಬಾಗಿಲಲ್ಲಿ ವಾರಗಿತ್ತಿ ನನ್ನ ಕೈ ಬಿಡಿಸಿಕೊಂಡಳು. "ನಿಮಗೆ ಗೊತ್ತಿತ್ತು ಅಕ್ಕಾ," ಅಂದಳು. ಹೌದು, ಗೊತ್ತಿತ್ತು. ಅವಳು ನನ್ನ ಜೊತೆ ಇನ್ನು ಎಷ್ಟು ದಿನ ಮಾತಾಡುವುದಿಲ್ಲವೋ, ಅದು ನಾನು ತೆರಬೇಕಾದದ್ದು.

ಮನೆಗೆ ಬಂದು ಅನ್ನಕ್ಕಿಟ್ಟೆ. ಎರಡು ಗಂಟೆಯಾಗಿತ್ತು ಊಟಕ್ಕೆ ಕೂರುವಾಗ. ಮಾವ ಬಟ್ಟೆಯ ಗಂಟನ್ನು ಪಕ್ಕದಲ್ಲೇ ಇಟ್ಟುಕೊಂಡಿದ್ದರು.

"ಹೆದೆ ಯಾರು ಇಳಿಸಿದ್ದು?"

"ನಾನು ತಾತ," ಅಂದಳು ಮಗಳು ತಟ್ಟನೆ.

"ನಾನೇ ಇರಬೇಕು, ನೆನಪಿಲ್ಲ," ಅಂದರು ನಮ್ಮವರು. ಮದುವೆಯಾದ ಮೇಲೆ ಅವರು ಒಂದು ಕಡೆಗೆ ನಿಂತದ್ದನ್ನು ನಾನು ಅವತ್ತೇ ನೋಡಿದ್ದು.

"ನಿಮ್ಮಿಬ್ಬರಿಗೂ ಆ ಬಿಲ್ಲು ಬಗ್ಗಿಸೋ ಶಕ್ತಿ ಇಲ್ಲ," ಎಂದು ಮಾವ ನನ್ನ ಕಡೆ ತಿರುಗಿದರು. ನಾಲ್ಕು ವಾರ ಹಗ್ಗ ಎಳೆದ ಕೈಯಲ್ಲಿ ನಾನು ಸೌಟು ಹಿಡಿದಿದ್ದೆ.

"ನಾನೇ ಮಾವ."

"ಅಂಥ ಬಿಲ್ಲು ಇನ್ನೊಂದು ನನ್ನ ಕೈಯಲ್ಲಿ ಆಗುತ್ತೋ ಇಲ್ಲವೋ."

"ಗೊತ್ತು ಮಾವ. ಅದಕ್ಕೆ ಸಂಕಟ ಆಗ್ತಿದೆ."

"ಅವನು ನನ್ನ ಮಗ. ಕಣ್ಣು ಹೋಗಿದ್ರೆ?"

"ಹೋಗಿದ್ರೆ ಸಾಯೋತನಕ ಅಳ್ತಿದ್ದೆ. ಈಗ ಅಳು ಬರ್ತಿಲ್ಲ." ನನ್ನ ದನಿ ನನಗೇ ಹೊಸದಾಗಿತ್ತು. "ನೀವು ಅರ್ಧ ಎದ್ದಿರಿ ಮಾವ. ಯಾಕೆ ಕೂಗಲಿಲ್ಲ?"

ಮಗಳು ತಟ್ಟೆಯಲ್ಲಿ ಗೆರೆ ಎಳೆಯುತ್ತಿದ್ದಳು. ಮಾವ ಗಂಟಿನ ಮೇಲೆ ಕೈಯಿಟ್ಟು ಮುರಿದ ಮರವನ್ನು ಬಟ್ಟೆಯ ಮೇಲಿಂದಲೇ ಸವರಿದರು. ಆಮೇಲೆ ತಟ್ಟೆಯಲ್ಲಿದ್ದದ್ದನ್ನು ಪೂರ್ತಿ ಉಂಡರು. ಒಂದು ಅಗುಳೂ ಬಿಡಲಿಲ್ಲ.

ಖಾಲಿ ತಟ್ಟೆಯನ್ನು ನನ್ನ ಕಡೆಗೆ ಚಾಚಿದರು.

"ಇನ್ನೊಂದು ಸೌಟು ಹಾಕಮ್ಮ," ಅಂದರು.